ಪಂಚಮಿಯ ಫೋನು ಎಣಿಸಿದ ಮಲ್ಲಪ್ಪ ಕಾಕಾ

ವರನ ಫೋಟೊ ಕೈಗೆ ಬಂದರೆ ಮಲ್ಲಪ್ಪ ಕಾಕಾ ಮೊದಲು ಅದರ ಹಿಂಬದಿ ನೋಡುತ್ತಿದ್ದರು. ಅಲ್ಲಿ ಸ್ಟುಡಿಯೋದ ಮುದ್ರೆ, ತಾರೀಖು ಇದ್ದರೆ ಓದಿ, ಆಮೇಲೆ ಫೋಟೊವನ್ನು ಮುಖದ ಕಡೆಗೆ ತಿರುಗಿಸಿ, "ಆರು ವರ್ಷದ ಹಿಂದಿನ ಕೂದಲ ಇವು. ಈಗ ಎಷ್ಟು ಉಳದಾವೋ ಹೋಗಿ ನೋಡಬೇಕು" ಎನ್ನುತ್ತಿದ್ದರು.

ಹುಕ್ಕೇರಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಮೇಲೆ ಸಂಬಂಧ ಕೂಡಿಸುವ ಕೆಲಸ ಹಿಡಿದಿದ್ದರು. ಟಿಕೆಟ್ ಇಲ್ಲದವರನ್ನು ಹುಡುಕುವ ಕಣ್ಣು ಹಾಗೇ ಉಳಿದಿತ್ತು. ಯಾರ ಮಾತನ್ನೂ ನಂಬುತ್ತಿರಲಿಲ್ಲ. ನಾನು ಅವರನ್ನು ನಂಬುತ್ತಿರಲಿಲ್ಲ. ಕೆಲವು ಮನೆಗಳನ್ನು ಹೊಗಳುವುದಕ್ಕೆ ಅಲ್ಲಿಂದ ಅವರಿಗೆ ಏನಾದರೂ ಸಿಗುತ್ತಿರಬೇಕೆಂದು ನನ್ನ ಗುಮಾನಿ.

ನಾನು ಎಂಸಿಎ ಮುಗಿಸಿ ಬಂದ ವರ್ಷ ಅವರು ತಮ್ಮ ನೋಟ್‌ಬುಕ್ಕನ್ನು ನನ್ನ ಲ್ಯಾಪ್‌ಟಾಪಿನ ಪಕ್ಕ ತಂದಿಟ್ಟರು. ಅದರಲ್ಲಿ ನನಗೆಂದು ನೋಡಿದ ಮೂವತ್ತೊಂದು ವರಗಳಿದ್ದವು.

"ಇವರನ್ನ ಸಾಲಾಗಿ ನಿಂದ್ರಸವಾ. ಒಳ್ಳೆ ಮನಿ ಮ್ಯಾಲೆ, ಕೆಟ್ಟ ಮನಿ ತೆಳಗ."

"ಏನ್ ನೋಡಿ ನಿಂದ್ರಸಲಿ, ಕಾಕಾ? ವಯಸ್ಸೋ, ಪಗಾರೋ?"

"ಪಗಾರ ಯಾರರ ಖರೆ ಹೇಳ್ತಾರೇನು? ಹುಡುಗನ ಒಳಗ ಮನಿ ನೋಡು. ಮನಿ ಒಳಗ ಮೊದಲ ಬಂದ ಸೊಸಿನ್ನ ನೋಡು. ಅಕಿ ನಾಗರಪಂಚಮಿಗೆ ತವರಮನಿಗೆ ಹೋದಾಗ, ಲಗೂ ಬಾ ಅಂತ ಅತ್ತಿ ಎಷ್ಟು ಸಲ ಫೋನ್ ಮಾಡಿದ್ಲು? ಅಷ್ಟ ಎಣಸು. ಫೋನ್ ಕಡಿಮಿ ಇದ್ದಷ್ಟು ಮನಿ ಚಲೋ."

ಆ ಸಂಖ್ಯೆಯನ್ನು ಅವರು ವರನ ಮನೆಯಲ್ಲಿ ಕೇಳುತ್ತಿರಲಿಲ್ಲ. ಸೊಸೆಯ ತವರಿಗೆ ಬಸ್ಸು ಹತ್ತಿ ಹೋಗಿ, ನೀರು ಕೇಳುವ ನೆಪದಲ್ಲಿ ಕಟ್ಟೆಯ ಮೇಲೆ ಕೂತು, ಅವಳ ತಾಯಿಯ ಬಾಯಿಂದ ತೆಗೆಯುತ್ತಿದ್ದರು. ಒಂದು ಮನೆಯ ಮುಂದೆ ಹದಿನೇಳು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಹುಡುಗ, ಅವನೊಳಗೆ ಮನೆ, ಮನೆಯೊಳಗೆ ಸೊಸೆ, ಸೊಸೆಯೊಳಗೆ ಆ ಸಂಖ್ಯೆ. ಅಷ್ಟು ಆಳಕ್ಕಿಳಿದು ಹೋಲಿಸುವ ಸಣ್ಣ ಪ್ರೋಗ್ರಾಮು ಬರೆದೆ. ಎಲ್ಲರಿಗಿಂತ ಮೇಲೆ ಮಮದಾಪುರದ ಹುಡುಗ ಬಂದ. ಹಿಡಕಲ್ ಡ್ಯಾಮಿನಲ್ಲಿ ಇಂಜಿನಿಯರು. ಫೋನು ಸೊನ್ನೆ. ಅವ್ವ ಅವತ್ತೇ ಹುಡುಗನ ಮನೆಯವರಿಗೆ ಭಾನುವಾರ ಬರಲು ಹೇಳಿದಳು. ಅವನ ಫೋಟೊವನ್ನು ನಾನು ಅದಾಗಲೇ ನೋಟ್‌ಬುಕ್ಕಿನಿಂದ ತೆಗೆದು ನನ್ನ ಪುಸ್ತಕವೊಂದರಲ್ಲಿ ಇಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಕಾಕಾ ಪರದೆಯ ಮೇಲೆ ಬೆರಳಿಟ್ಟರು. "ಒಂದೂ ಫೋನ್ ಮಾಡದ ಅತ್ತಿ? ನಮ್ಮ ಕಡೆ ಇನ್ನೂ ಹುಟ್ಟಿಲ್ಲ ಬಿಡು. ಈ ಮನ್ಯಾಗ ಸೊಸಿ ಯಾರು?"

ನೋಡಿದೆ. ಸೊಸೆಯೇ ಇರಲಿಲ್ಲ. ಅವನು ಒಬ್ಬನೇ ಮಗ. ನೋಟ್‌ಬುಕ್ಕಿನಲ್ಲಿ ಆ ಜಾಗ ಖಾಲಿ ಇತ್ತು. ಖಾಲಿ ಇದ್ದದ್ದನ್ನು ಸೊನ್ನೆ ಎಂದು ಹಿಡಿಯಲು ಪ್ರೋಗ್ರಾಮಿಗೆ ಹೇಳಿದವಳು ನಾನೇ.

"ನಿನಗ ಗೊತ್ತಿತ್ತೇನು?" ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು. ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಆ ಉತ್ತರದ ಮೇಲೆ ನನಗೂ ಇಂದಿಗೂ ಪೂರ್ತಿ ನಂಬಿಕೆ ಇಲ್ಲ.

ಶನಿವಾರ ಅವರು ಮೂಡಲಗಿಯ ಬಸ್ಸು ಹತ್ತಿದರು. ಹುಡುಗನ ತಾಯಿಯೂ ಒಂದು ಕಾಲಕ್ಕೆ ಸೊಸೆಯಾಗಿದ್ದವಳೇ; ಅವಳ ತವರು ಅಲ್ಲಿತ್ತು. ಸಂಜೆ ಬಂದು ನನ್ನೊಬ್ಬಳಿಗೇ ಹೇಳಿದರು.

"ಅಕಿ ಅಣ್ಣ ಸಿಕ್ಕಿದ್ದ. ಆಗ ಫೋನ್ ಎಲ್ಲಿದ್ದುವು? ಪಂಚಮಿ ಮರುದಿನನ ಅತ್ತಿಮನಿಯಿಂದ ಗಾಡಿ ಬರ್ತಿತ್ತಂತ. ಅಳಕೋತ ಹತ್ತತಿದ್ಲಂತ. ಇಂಥಾಕಿ ಸೊಸಿನ್ನ ಮನಸಾರೆ ಕಳಸಬಹುದು, ಇಲ್ಲಾ ಸೇಡು ತೀರಸ್ಕೋಬಹುದು. ನನಗ ತಿಳೀಲಿಲ್ಲವಾ. ಆ ಜಾಗಾ ಖಾಲಿ ಇಡು. ಸೊನ್ನಿ ಮಾತ್ರ ಬರೀಬ್ಯಾಡ." ಬಾಗಿಲ ತನಕ ಹೋದವರು ತಿರುಗಿ, "ಫೋಟೊ ನಿನ್ನ ಹತ್ರನ ಇರ್ಲಿ" ಎಂದರು.

ತನಗೆ ತಿಳಿಯಲಿಲ್ಲವೆಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹುಡುಗನ ಮನೆಯಿಂದ ಏನಾದರೂ ಇಸಿದುಕೊಂಡವರು ಹಾಗೆ ಹೇಳುವುದಿಲ್ಲ. ಭಾನುವಾರ ಹುಡುಗ ಬಂದುಹೋದ ಮೇಲೆ ನಾನು ಹೂಂ ಎಂದೆ.

ನನ್ನ ಮದುವೆಯ ಊಟ ಉಂಡ ಬೇಸಿಗೆಯಲ್ಲೇ ಕಾಕಾ ತೀರಿಕೊಂಡರು. ಮೊದಲ ಪಂಚಮಿಗೆ ತವರಿಗೆ ಬಂದ ನಾಲ್ಕನೆಯ ದಿನ ಅತ್ತೆಯ ಫೋನು ಬಂತು. "ಗಡಿಬಿಡಿ ಏನಿಲ್ಲವಾ, ಇನ್ನೆರಡು ದಿನ ಇದ್ದು ಬಾ" ಎಂದರು.

ಹೊರಗೆ ಬಂದು ಪಕ್ಕದ ಮನೆಯ ಕಟ್ಟೆಯ ಕಡೆ ನೋಡಿದೆ. ಕಾಕಾ ಇದ್ದಿದ್ದರೆ, "ಹಂಗ್ಯಾಕ ಅಂದ್ಲು? ಬಾಜೂ ಯಾರರ ಕೂತಿದ್ರೇನು?" ಎಂದು ಕೇಳುತ್ತಿದ್ದರು. ಈ ಫೋನನ್ನು ಒಂದು ಎಂದು ಬರೆಯಬೇಕೋ ಬೇಡವೋ, ಹೇಳಲು ಅಲ್ಲಿ ಯಾರೂ ಇರಲಿಲ್ಲ. ಪಟ್ಟಿಯಲ್ಲಿ ಆ ಜಾಗವನ್ನು ಇನ್ನೂ ಖಾಲಿ ಇಟ್ಟಿದ್ದೇನೆ.