ಸೂತಕದಲ್ಲಿ ಬಿಚ್ಚಿದ ಹಣಿಗೆ

ನಮ್ಮ ಮನೆಯವರು ಸಿಂಧನೂರಿನಲ್ಲಿ ಕಾಲುವೆ ಇಂಜಿನಿಯರರ ಜೀಪು ಓಡಿಸುತ್ತಿದ್ದರು. ಸಾಹೇಬರಿಗೆ ವರ್ಗವಾದಾಗ ಅವರ ಸಣ್ಣ ಟೆರಿಯರ್ ನಾಯಿ ಗೊರೇಬಾಳದ ನಮ್ಮ ಮನೆಗೆ ಬಂತು. ಬೆಕ್ಕಿಗಿಂತ ತುಸು ದೊಡ್ಡದು, ಅಷ್ಟೆ. ಆದರೆ ಗದ್ದೆಯ ಬದುವಿನಲ್ಲಿ ಹೆಗ್ಗಣದ ವಾಸನೆ ಹತ್ತಿದರೆ ಯಾರು ಕರೆದರೂ ಬಾರದೆ ಮಣ್ಣು ಕೆದರುವ ಹಟ. ಅದರ ಕೂದಲು ಬೇರೆ ನಾಯಿಗಳದ್ದರಂತೆ ಉದುರುತ್ತಿರಲಿಲ್ಲ. ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇತ್ತು. ಒಂದು ದಿನ ಬಾಚದಿದ್ದರೆ ಸಿಕ್ಕು. ಇವರು ಸಂಜೆ ಅದನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಹಿಂಗಾಲಿನಿಂದ ಶುರುಮಾಡಿ, ಕೊನೆಗೆ ಕಣ್ಣಿನ ಮೇಲಿನ ಕೂದಲನ್ನು ಬಾಚಿ ಮೇಲಕ್ಕೆ ಕಟ್ಟುತ್ತಿದ್ದರು.

"ಹೆಂಡ್ತಿ ಜಡಿ ಒಂದಿನ ಹೆಣೆದವನಲ್ಲ, ನಾಯಿಗಿ ಜುಟ್ಟು ಕಟ್ಟಾಕತ್ಯಾನ ನೋಡು," ಎಂದು ಅತ್ತೆ ಚುಚ್ಚುತ್ತಿದ್ದರು.

ಒಂದು ಬೇಸಿಗೆಯಲ್ಲಿ ಇವರಿಗೆ ಕಾಮಾಲೆಯಾಯಿತು. ಲಿಂಗಸುಗೂರಿನ ಆಸ್ಪತ್ರೆಯಿಂದ ಹೆಣವಾಗಿ ಬಂದರು.

ಸೂತಕ ಕಳೆಯುವವರೆಗೆ ನಮ್ಮ ಮನೆಯಲ್ಲಿ ಯಾರೂ ತಲೆ ಬಾಚುವುದಿಲ್ಲ. ಅತ್ತೆ ಹಣಿಗೆಗಳನ್ನೆಲ್ಲ ಬಟ್ಟೆಯಲ್ಲಿ ಗಂಟುಕಟ್ಟಿ ಗೋಡೆಯ ಗೂಡಿನಲ್ಲಿಟ್ಟರು. ನಾಯಿಯದೂ ಅದರೊಳಗೇ ಹೋಯಿತು. ಆ ಹೊತ್ತಿನಲ್ಲಿ ಅದರ ಪರಿವೆ ಯಾರಿಗಿತ್ತು?

ನಾಯಿ ಮನೆಯ ಮುಂದೆ ಜೀಪು ನಿಲ್ಲುತ್ತಿದ್ದ ಜಾಗ ಬಿಟ್ಟು ಕದಲಲಿಲ್ಲ. ಜುಟ್ಟು ಬಿಚ್ಚಿ ಕೂದಲು ಕಣ್ಣಿಗೆ ಬಿತ್ತು, ಕಣ್ಣು ಕೀವುಗಟ್ಟಿತು, ಕೂದಲು ಅದರಲ್ಲಿ ಅಂಟಿ ಗಟ್ಟಿಯಾಯಿತು. ಅದು ಕಂಬಕ್ಕೆ ಮುಖ ಬಡಿದುಕೊಂಡಾಗಲೇ ನನಗೆ ತಿಳಿದದ್ದು. ಮೈದುನ ದನದ ದವಾಖಾನೆಯಿಂದ ಹನಿ ಔಷಧ ತಂದ. ಕೂದಲು ಬಿಡಿಸದೆ ಹಾಕಿದರೆ ಪ್ರಯೋಜನವಿಲ್ಲವಂತೆ. ತಡಮಾಡಿದರೆ ಕಣ್ಣು ಉಳಿಯುವುದಿಲ್ಲವಂತೆ. ಕತ್ತರಿ ಹಿಡಿದು ಹತ್ತಿರ ಹೋದವನನ್ನು ಅದು ಕಚ್ಚಿತು. ಕುರಿ ಉಣ್ಣೆ ಕತ್ತರಿಸುವವರನ್ನು ಕರೆಸಿ, ಕಾಲು ಕಟ್ಟಿ ಬೋಳಿಸೋಣವೆಂದ. ಆ ಹಿಡಿಯಷ್ಟು ಜೀವ ಹೆದರಿಕೆಗೇ ಸತ್ತೀತೆಂದು ನನಗನಿಸಿತು.

ನಾನು ಗೂಡಿನ ಕಡೆ ನೋಡಿದೆ. ಅತ್ತೆ ನನ್ನನ್ನು ನೋಡಿದರು. ಸೂತಕದಲ್ಲಿ ಹಣಿಗೆ ಹಿಡಿದರೆ ಹೋದವರಿಗೆ ದಾರಿ ಸಿಗುವುದಿಲ್ಲವೆಂದು ನಂಬಿದವರು ಅವರು. ಹೋದವನು ಅವರ ಮಗ.

ಬಹಳ ಹೊತ್ತಿನ ಮೇಲೆ ಅವರೇ ಎದ್ದು ಗಂಟು ಬಿಚ್ಚಿದರು.

"ಹಗಲೂ ರಾತ್ರಿ ಜೀಪ್ ಓಡಿಸಿದವ, ಅವಗ ದಾರಿ ಗೊತ್ತೈತಿ. ಇದಕ್ಕ ಕಾಣವಲ್ದು. ತಗೊ ಬೇ."

ಹಿಂಗಾಲಿನಿಂದ ಶುರುಮಾಡಿದೆ. ನಾಯಿ ಗುರುಗುಟ್ಟಿತು. ಹಲ್ಲು ನನ್ನ ಮಣಿಕಟ್ಟಿಗೆ ತಾಗಿತು, ಆದರೆ ಊರಲಿಲ್ಲ. ಕಣ್ಣಿನ ಬಳಿ ಬಂದಾಗ ಹಣಿಗೆ ಕೆಳಗಿಟ್ಟೆ. ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಎಳೆ ಬಿಡಿಸಿದೆ. ರೆಪ್ಪೆ ಬಿರಿಯಿತು. ಹನಿ ಹಾಕಿ ಕಣ್ಣೆದುರು ಬೆರಳಾಡಿಸಿದೆ. ಕೆಂಪಗಾದ ಕಣ್ಣು ನಿಧಾನವಾಗಿ ಬೆರಳಿನ ಹಿಂದೆ ಹೊರಳಿತು.

"ಕಾಣಾಕತ್ತೈತೇನು?"

"ಕಾಣಾಕತ್ತೈತ್ರಿ ಅತ್ತಿ."

ಅವರು ನನ್ನ ಬೆನ್ನ ಹಿಂದೆ ಬಂದು ಕೂತರು. ಹಣಿಗೆ ಮುಟ್ಟದೆ, ಬೆರಳಿನಿಂದಲೇ ನನ್ನ ಜಡೆಯ ಸಿಕ್ಕು ಬಿಡಿಸತೊಡಗಿದರು.