ಹಸಿರು ತೇಪೆಯ ಚೀಲ

ವಿಜಾಪುರದ ಕಾಳಿನ ಪೇಟೆಯಲ್ಲಿ ಇಮಾಮಬಿಯನ್ನು ಕೆಣಕಿ ಸುಮ್ಮನೆ ಮನೆಗೆ ಹೋದವರು ಕಡಿಮೆ. ಒಮ್ಮೆ ಅವಳು ನೆಲಕ್ಕೆ ಉದುರಿದ ಕಾಳು ಗುಡಿಸಿ ಬಳಿಯುತ್ತಿದ್ದಾಗ ಗುಮಾಸ್ತನೊಬ್ಬ ಬೇಕಂತಲೇ ಅವಳ ಬೆರಳುಗಳ ಮೇಲೆ ಬೂಟುಗಾಲು ಊರಿದ. ಅವಳು ಬಗ್ಗಿ ಅವನ ಮೀನಖಂಡಕ್ಕೆ ಬಾಯಿ ಹಾಕಿದಳು. ನಾಲ್ಕು ಜನ ಹಿಡಿದೆಳೆದರೂ ಬಿಡಲಿಲ್ಲ. ಆ ಮೇಲೆ ಪೇಟೆಯಲ್ಲಿ ಇದ್ದಷ್ಟು ದಿನ ಅವನು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಅವನಿಗೆ ಹಾಗೇ ಆಗಬೇಕಿತ್ತು.

ಆಳು ನೋಡಿದರೆ ನಾಲ್ಕೂವರೆ ಅಡಿ. ಬಬಲೇಶ್ವರದ ಕಡೆಯ ಕಾಖಂಡಕಿಯವಳು. ಹದಿನಾಲ್ಕನೆಯ ವಯಸ್ಸಿಗೆ ಹಮಾಲ ಮಶಾಕಸಾಬನನ್ನು ಕಟ್ಟಿಕೊಂಡು ಪೇಟೆಗೆ ಬಂದಳು. 1974ರ ಹೊತ್ತಿಗೆ ಆ ಪೇಟೆಯ ನೆಲಕ್ಕೆ ಮೊಣಕಾಲೂರಿ ಹದಿನೆಂಟು ವರ್ಷವಾಗಿತ್ತು.

ಹಮಾಲರು ಚೀಲ ಎತ್ತುವುದು ಕಬ್ಬಿಣದ ಕೊಕ್ಕೆ ಸಿಗಿಸಿ. ಕೊಕ್ಕೆ ಚುಚ್ಚಿದಲ್ಲಿ ತೂತಾಗುತ್ತದೆ, ತೂತಿನಿಂದ ಒಂದಿಷ್ಟು ಕಾಳು ಉದುರುತ್ತದೆ. ಉದುರಿದ್ದು ಹಮಾಲರ ಮನೆಯ ಹೆಂಗಸರಲ್ಲಿ ಯಾರು ಮೊದಲು ಬಳಿದರೆ ಅವರಿಗೆ. ಇದನ್ನು ಯಾರೂ ಕಾಗದದಲ್ಲಿ ಬರೆದಿಟ್ಟಿಲ್ಲ, ಆದರೆ ಕಾಳಿನ ಅಂಗಡಿಗಳ ಸಾವಕಾರನೂ ಇದನ್ನು ಮೀರುತ್ತಿರಲಿಲ್ಲ. ಹೆಂಡತಿಯ ಮೇಲೆ ಜೀವ ಇಟ್ಟುಕೊಂಡ ಹಮಾಲ, ಅವಳು ಹತ್ತಿರವಿರುವುದನ್ನು ನೋಡಿ, ಕೊಕ್ಕೆ ತೆಗೆಯುವಾಗ ಯಾರಿಗೂ ಕಾಣದಂತೆ ಮಣಿಕಟ್ಟನ್ನು ಚೂರು ತಿರುವುತ್ತಿದ್ದ. ತೂತು ದೊಡ್ಡದಾಗುತ್ತಿತ್ತು. ಮಶಾಕಸಾಬ ದಿನವೂ ತಿರುವುತ್ತಿದ್ದ. ಮಾತಿನಲ್ಲಿ ಅವನು ಪ್ರೀತಿ ತೋರಿಸಿದ್ದನ್ನು ಯಾರೂ ಕಂಡಿಲ್ಲ, ಕೈಯಲ್ಲಿ ಮಾತ್ರ ಎರಡು ಇದ್ದವು: ಪೇಟೆಯಲ್ಲಿ ಈ ತಿರುವು, ಮನೆಯಲ್ಲಿ ಹೊಡೆತ.

ಉದುರುಕಾಳೆಂದರೆ ಬರೀ ಕಾಳಲ್ಲ. ಅದರೊಳಗೆ ಮಣ್ಣು, ಪಾರಿವಾಳದ ಹಿಕ್ಕೆ, ಉಗುಳು, ಬೀಡಿಯ ತುಂಡು. ಕೇರಿ, ತೊಳೆದು, ಒಣಗಿಸಿ ಬೀಸಿದರೂ ರೊಟ್ಟಿಯಲ್ಲಿ ಹರಳು ಉಳಿದೇ ಉಳಿಯುತ್ತಿತ್ತು. ಮಶಾಕಸಾಬನ ಬಲಗಡೆಯ ದವಡೆ ಹಲ್ಲೆರಡು ಹಾಗೆ ಮುರಿದಿದ್ದವು. ನೂರು ಕಿಲೋ ಬೆನ್ನ ಮೇಲೆ ಹಾಕಿಕೊಂಡು ಓಡುವ ಗಂಡಸು ರೊಟ್ಟಿಯ ತುತ್ತು ಬಾಯಿಗಿಟ್ಟರೆ ಕಣ್ಣು ಮುಚ್ಚಿ, ಎಡಗಡೆಯಲ್ಲಿ, ಹೆದರಿ ಹೆದರಿ ಅಗಿಯುತ್ತಿದ್ದ.

ಆ ವರ್ಷ ಸೈಫುದ್ದೀನ ಮಾಸ್ತರ ಎಂಬ ಶಾಲೆ ಮಾಸ್ತರರು ಹತ್ತಾರು ಜನರನ್ನು ಕೂಡಿಸಿ ಗ್ರಾಹಕರ ಸೊಸಾಯಿಟಿ ತೆರೆದರು. ಪೇಟೆಯ ಹಿಂದೆ ಒಂದು ಗೋದಾಮು. ಹನ್ನೊಂದು ರೂಪಾಯಿ ಕೊಟ್ಟು ಸದಸ್ಯರಾಗಬೇಕು, ವರ್ಷಕ್ಕೆ ಮತ್ತೆರಡು ರೂಪಾಯಿ. ನಾಲ್ಕು ತಿಂಗಳಿಗೊಮ್ಮೆ ಒಂದು ತುಂಬಿದ ಚೀಲ ಜೋಳ, ಹೊನವಾಡದ ಹೊಲಗಳಿಂದ ನೇರ. ಪೇಟೆಗಿಂತ ಅಗ್ಗ. ಆದರೆ ಸೇರು, ಅಚ್ಚೇರು ಕೊಡುವುದಿಲ್ಲ, ಇಡೀ ಚೀಲ ಒಯ್ಯಬೇಕು. ಖಾಲಿ ಚೀಲ ಸದಸ್ಯರೇ ಕೊಡಬೇಕು, ರೊಕ್ಕ ಮುಂಗಡ. ಇನ್ನೊಂದು ನಿಯಮ: ಸೊಸಾಯಿಟಿಯ ಚೀಲಕ್ಕೆ ಯಾರೂ ಕೊಕ್ಕೆ ಹಾಕುವಂತಿಲ್ಲ.

ಇಮಾಮಬಿ ಒಂದು ವಾರ ಇದನ್ನೇ ಮೆಲುಕು ಹಾಕಿದಳು. ಜೊತೆಗೆ ಕಾಳು ಬಳಿಯುತ್ತಿದ್ದ ಹನಮವ್ವನನ್ನು ಕೇಳಿದಳು.

"ಹುಚ್ಚಿ ಆಗೀಯೇನ ಬೇ?" ಹನಮವ್ವ ಕೈಯಲ್ಲಿದ್ದ ಕಸಬಾರಿಗೆ ಕುಟ್ಟಿ ಹೇಳಿದಳು. "ಪುಕ್ಕಟೆ ಬಿದ್ದದ್ದು ಇಲ್ಲೇ ಐತಿ. ಹನ್ನೊಂದು ರೂಪಾಯಿ ಕೊಟ್ಟು ಮ್ಯಾಲ ರೊಕ್ಕ ಕೊಟ್ಟು ಕೊಂಡುಕೊಳ್ಳೂದಾ?"

"ಮಳಿಗಾಲದಾಗ ಏನ ಬೀಳತೈತಿ? ಎರಡ ತಿಂಗಳು ಉಪಾಸ ಇರ್ತೇವಿ."

"ಸಾವಕಾರಗ ಗೊತ್ತಾದ್ರ ನಿನ್ನ ಈ ಅಂಗಳದಾಗ ಕಾಲ ಇಡಗೊಡೂದಿಲ್ಲ. ಅದಕ್ಕೇನ ಮಾಡ್ತಿ?"

ಅದು ಸುಳ್ಳಲ್ಲ. ಸೊಸಾಯಿಟಿ ಎಂದರೆ ಸಾವಕಾರ ಉರಿದು ಬೀಳುತ್ತಿದ್ದ. ಲೆಕ್ಕ ಹಾಕಿದರೆ ಒಮ್ಮೆ ಈ ಕಡೆ ಲಾಭ ಕಾಣುತ್ತಿತ್ತು, ಒಮ್ಮೆ ಆ ಕಡೆ. ಆದರೆ ಇಮಾಮಬಿಯನ್ನು ಕಾಡುತ್ತಿದ್ದದ್ದು ಲೆಕ್ಕವಲ್ಲ. ಹುಟ್ಟಿದಾಗಿನಿಂದ ಒಮ್ಮೆಯಾದರೂ ಯಾರ ಕಾಲೂ ತಾಗದ ಕಾಳನ್ನು ಬೀಸಿ ಉಣ್ಣಬೇಕು ಎಂಬುದೊಂದೇ ಅವಳ ಹಟವಾಗಿತ್ತು.

ಗಂಡನಿಗೆ ಹೇಳಿದಳು. ಅವನಿಗೆ ಅದು ಚುಚ್ಚಿತು. ಹದಿನೆಂಟು ವರ್ಷ ತಾನು ಕೊಕ್ಕೆ ತಿರುವಿ ಉದುರಿಸಿದ್ದು ಇವಳಿಗೆ ಹೊಲಸಾಯಿತೇ?

"ನಾ ಉದುರಿಸಿದ್ದು ನಿನಗ ಸೇರೂದಿಲ್ಲೇನು?"

"ಸೇರತೈತ್ರಿ. ಹಲ್ಲಿಗೆ ಸೇರವಲ್ದು."

ಕಪಾಳಕ್ಕೆ ಬಿತ್ತು. ಅವಳು ಕೈಯಲ್ಲಿದ್ದ ಮೊರದ ಅಂಚನ್ನು ಅವನ ಮೂಗಿಗೆ ಬೀಸಿದಳು. ಇಬ್ಬರಿಗೂ ರಕ್ತ ಬಂತು. ಓಣಿಯ ಜನ ಹೊರಗೆ ನಿಂತು ಕೇಳಿದರು, ಬಿಡಿಸಲು ಯಾರೂ ಬರಲಿಲ್ಲ. ಅವರ ಮನೆಯ ಜಗಳಕ್ಕೆ ನಡುವೆ ಹೋದವರಿಗೇ ಹೆಚ್ಚು ಪೆಟ್ಟಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಮರುವಾರ ಅವಳು ತವರಿನಿಂದ ತಂದು ಸಾಕಿದ ಎರಡು ಆಡುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದಳು. ರೊಕ್ಕ ಎಲ್ಲಿ ಎಂದು ಗಂಡ ಕೇಳಿದ. "ನನ್ನ ತವರಿನ ಆಡ್ರಿ, ನನ್ನ ರೊಕ್ಕ" ಎಂದಳು. ಈ ಸಲ ಅವನು ಸೊಂಟದ ಪಟ್ಟಿ ಬಿಚ್ಚಿದ. ಬೆನ್ನ ಮೇಲೆ ಬರೆ ಎದ್ದರೂ ರೊಕ್ಕ ಎಲ್ಲಿ ಹೋಯಿತೆಂದು ಅವಳು ಬಾಯಿ ಬಿಡಲಿಲ್ಲ. ರೊಕ್ಕ ಆಗಲೇ ಸೈಫುದ್ದೀನ ಮಾಸ್ತರರ ಕೈ ಸೇರಿತ್ತು. ತನ್ನ ಖಾಲಿ ಚೀಲದ ಹರಿದ ಮೂಲೆಗೆ ಅವಳು ತನ್ನ ಮದುವೆಯ ಹಸಿರು ಕುಬಸದ ತುಂಡನ್ನು ತೇಪೆ ಹಚ್ಚಿ, ಒತ್ತೊತ್ತಾಗಿ ಹೊಲಿದು ಕೊಟ್ಟಿದ್ದಳು. ಚೀಲ ತುಂಬಿ ಬಂದ ದಿನ, ರೊಟ್ಟಿ ಗಂಡನ ಬಾಯಿಗೆ ಬಿದ್ದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಅವಳು ಮಾಡಿದ ತಪ್ಪು ಅದೊಂದೇ.

ಚೀಲ ಶುಕ್ರವಾರ ಮಧ್ಯಾಹ್ನ ಬರುವುದಿತ್ತು. ಶುಕ್ರವಾರ ನಸುಕಿಗೂ ಮೊದಲೇ ಮಶಾಕಸಾಬ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತ. ಮುಖದಲ್ಲಿ ಅಪರೂಪದ ನಗೆ ಇತ್ತು.

"ಬೆಳಕ ಹರಿಯೂದ್ರಾಗ ಬಾರಿಗಿ, ಗೋಣಿ ತಗೊಂಡು ಇಟ್ಟಂಗಿಹಾಳದ ಹಾದಿಗೆ ಬಾ. ಇವತ್ತ ನೀ ಬಳದು ಬಳದು ಸಾಕು ಅನ್ನಬೇಕು. ಯಾರಿಗೂ ಹೇಳಬ್ಯಾಡ."

ಅಲ್ಲೆಲ್ಲೋ ಲಾರಿ ಮಗುಚಿರಬೇಕು ಎಂದು ಅವಳು ಎಣಿಸಿದಳು. ಹನಮವ್ವನಿಗೆ ಹೇಳದೆ ಹೋಗುವುದು ಹೇಗೆ? ಅವಳೊಬ್ಬಳಿಗೆ ಹೇಳಿದಳು. ಹನಮವ್ವ ಓಣಿಗೆಲ್ಲ ಹೇಳಿದಳು. ಇಪ್ಪತ್ತು ಹೆಂಗಸರು ಬಾರಿಗೆ ಹಿಡಿದು ಇಟ್ಟಂಗಿಹಾಳದ ಕಡೆಗೆ ಟಿಕೋಟಾ ರಸ್ತೆಯಲ್ಲಿ ಓಡಿದರು.

ನಡೆದದ್ದು ಇಷ್ಟು. ಸೊಸಾಯಿಟಿಯ ಜೋಳ ಎರಡು ಎತ್ತಿನ ಗಾಡಿಗಳಲ್ಲಿ ರಾತ್ರಿಯೇ ಹೊನವಾಡ ಬಿಟ್ಟು, ಟಿಕೋಟಾ ದಾಟಿ ಬರುತ್ತಿತ್ತು. ಸಾವಕಾರ ಮಶಾಕಸಾಬನನ್ನೂ ಇನ್ನಿಬ್ಬರನ್ನೂ ಕರೆದು, ಚೀಲಗಳನ್ನೆಲ್ಲ ಹರಿದು ಬನ್ನಿ ಎಂದಿದ್ದ. ಹರಿದರೆ ತನ್ನ ಮೂರು ಅಂಗಡಿಗಳ ಉದುರುಕಾಳು ಇನ್ನು ಮುಂದೆ ಇಮಾಮಬಿ ಒಬ್ಬಳದೇ ಎಂದು ಮಶಾಕಸಾಬನಿಗೆ ಮಾತು ಕೊಟ್ಟಿದ್ದ. ಹೆಂಡತಿಗಾಗಿ ಎಂದೇ ಮಶಾಕಸಾಬ ಒಪ್ಪಿದ. ಈ ಮಾತು ನೆನೆದರೆ ಅವನ ಮೇಲೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ಕೆನ್ನುತ್ತದೆ.

ನಸುಕಿನ ಮಬ್ಬಿನಲ್ಲಿ ಮೂವರೂ ಗಾಡಿ ಅಡ್ಡಗಟ್ಟಿದರು. ಹಮಾಲ ಚೀಲದ ಬಣ್ಣ ನೋಡುವುದಿಲ್ಲ, ತೇಪೆ ನೋಡುವುದಿಲ್ಲ. ಕೊಕ್ಕೆ ಸಿಗಿಸುವ ಮೂಲೆ ಅವನ ಕೈಗೇ ಗೊತ್ತು. ಕೊಕ್ಕೆ ಹಾಕಿ ಎಳೆದರೆ ಸೆಣಬು ಪರ್ರನೆ ಹರಿದು ಜೋಳ ರಸ್ತೆಗೆ ಸುರಿಯಿತು. ಹಿಂದಿನ ಗಾಡಿಯವನು ಓಡಿಹೋದ. ಮುಂದಿನ ಗಾಡಿಯ ಭಾಗಪ್ಪ ಓಡಲಿಲ್ಲ. ಬಾರುಕೋಲಿನಿಂದ ಮಶಾಕಸಾಬನ ಮುಖಕ್ಕೆ ಬಾರಿಸಿದ. ಮಶಾಕಸಾಬ ಕೊಕ್ಕೆ ಬೀಸಿದ. ಅದು ಭಾಗಪ್ಪನ ಬಲ ಹೆಗಲಿಗೆ ಇಳಿಯಿತು. ಹದಿನೆಂಟು ವರ್ಷದ ರೂಢಿ, ತೆಗೆಯುವಾಗ ಮಣಿಕಟ್ಟು ತಾನೇ ತಿರುಗಿತು.

ಆ ಕೂಗಿಗೆ ಉಳಿದಿಬ್ಬರೂ ಹಮಾಲರು ಹೊಲದೊಳಗೆ ಬಿದ್ದು ಓಡಿದರು.

ಹೆಂಗಸರು ಬಂದಾಗ ಹೊತ್ತು ಮೂಡುತ್ತಿತ್ತು. ಭಾಗಪ್ಪ ಗಾಲಿಗೆ ಒರಗಿ ಕೂತಿದ್ದ, ಅಂಗಿ ಕೆಂಪಾಗಿತ್ತು. ಮಶಾಕಸಾಬ ರಾಶಿಯ ನಡುವೆ ನಿಂತು, "ಇದು ಇಮಾಮಬಿದು! ಯಾರೂ ಮುಟ್ಟಬ್ಯಾಡ್ರಿ!" ಎಂದು ಕೊಕ್ಕೆ ಬೀಸುತ್ತಿದ್ದ. ಯಾರು ಕೇಳುತ್ತಾರೆ? ಕೊಕ್ಕೆಯಿಂದ ಉದುರಿದ್ದು ಮೊದಲು ಬಳಿದವರದು. ಇಮಾಮಬಿ ರಕ್ತವನ್ನೂ ಕಂಡಳು, ಜೋಳವನ್ನೂ ಕಂಡಳು. ಮೊದಲು ಮಂಡಿಯೂರಿದ್ದು ಜೋಳದ ಮುಂದೆ. ಸಾಯುವತನಕ ಅವಳು ಇದನ್ನು ಮುಚ್ಚಿಡಲಿಲ್ಲ, ತಾನೇ ಹೇಳಿ ತಾನೇ ನಾಚುತ್ತಿದ್ದಳು.

ರಸ್ತೆಯ ಮೇಲೆ ಇಪ್ಪತ್ತು ಬಾರಿಗೆಗಳು ಒಂದಕ್ಕೊಂದು ಬಡಿದವು. ಯಾರದೋ ಮೊಣಕೈ ಯಾರದೋ ಹಲ್ಲಿಗೆ, ಯಾರದೋ ತುರುಬು ಯಾರದೋ ಮುಷ್ಟಿಯಲ್ಲಿ. ಗಾಡಿಯ ಹಿಂದಿದ್ದ ದಪ್ಪ ರಾಶಿಗೆ ಇಮಾಮಬಿಯೂ ಹನಮವ್ವನೂ ಒಟ್ಟಿಗೆ ಬಿದ್ದರು.

"ನಂದು ಬೇ, ಬಿಡ!"

"ಹೆಸರ ಬರದೈತೇನ?" ಹನಮವ್ವ ಬಾರಿಗೆಯ ಹಿಡಿಯಿಂದ ಅವಳ ಹುಬ್ಬಿಗೆ ಕುಕ್ಕಿದಳು.

ಇಮಾಮಬಿ ಹನಮವ್ವನ ಮಣಿಕಟ್ಟನ್ನು ಕಚ್ಚಿದಳು. ಬಳೆ ಒಡೆದು ಬಾಯಿಗೆ ಚುಚ್ಚಿತು, ಬಿಡಲಿಲ್ಲ. ಹನ್ನೆರಡು ವರ್ಷಗಳಿಂದ ಗೆಳತಿಯರಾಗಿದ್ದವರು ರಸ್ತೆಯ ಮೇಲೆ ಉರುಳಾಡಿದರು. ಇಬ್ಬರ ರಕ್ತವೂ ಕಾಳಿನೊಳಗೆ ಬಿತ್ತು. ಹನಮವ್ವನನ್ನು ಒದ್ದು ದೂರ ಮಾಡಿ ಇಮಾಮಬಿ ಎರಡೂ ತೋಳುಗಳಿಂದ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅದರ ಅಡಿಯಿಂದ ಹರಿದ ಚೀಲವೊಂದು ಜೊತೆಗೆ ಬಂತು.

ಚೀಲದ ಮೂಲೆಯಲ್ಲಿ ಹಸಿರು ತೇಪೆ ಇತ್ತು. ಅವಳ ಹೊಲಿಗೆ ಬಿಚ್ಚಿರಲಿಲ್ಲ. ಅದರ ಪಕ್ಕದಿಂದಲೇ ಚೀಲ ಸೀಳಿಹೋಗಿತ್ತು.

ಅವಳು ಸುತ್ತ ನೋಡಿದಳು. ಅವಳ ಜೋಳ ಹತ್ತು ಮಡಿಲುಗಳಲ್ಲಿತ್ತು. ಕೊಡಿ ಎಂದು ಕೇಳುವುದಕ್ಕೆ ಬಾಯಿಲ್ಲ. ಉದುರಿದ್ದು ಬಳಿದವರದು ಎಂದೇ ಅವಳೂ ಹದಿನೆಂಟು ವರ್ಷ ಉಂಡವಳು. ಎರಡು ಆಡು, ಬೆನ್ನ ಮೇಲಿನ ಬರೆ, ಮದುವೆಯ ಕುಬಸ, ಎಲ್ಲ ರಸ್ತೆಯ ಮೇಲೆ ಬಿದ್ದಿದ್ದವು, ಇಪ್ಪತ್ತು ಜನರ ಕಾಲಡಿಯಲ್ಲಿ. ಅವಳಿಗೆ ಅಳು ಬರಲಿಲ್ಲ.

ಚೀಲ ಹಿಡಿದು ಗಂಡನ ಮುಂದೆ ಹೋದಳು. ಅದನ್ನು ಮಡಚಿ ಅವನ ಮುಖಕ್ಕೆ ಬಡಿದಳು. ಒಮ್ಮೆ, ಎರಡು ಸಲ, ಮೂರು ಸಲ. ಅವನು ಕೈ ಎತ್ತಿದ. ಎತ್ತಿದ ಕೈಯ ಮುಂದೆ ಹಸಿರು ಬಟ್ಟೆ ಜೋತಾಡಿತು. ಆ ಕುಬಸವನ್ನು ತಂದವನು ಅವನೇ.

"ಇದ ನಂದು," ಅಂದಳು. "ಆಡ ಮಾರಿ ತಗೊಂಡಿದ್ದೆ. ನಿನ್ನ ಬಾಯಾಗಿನ ಹಲ್ಲ ಸಲುವಾಗಿ ತಗೊಂಡಿದ್ದೆ."

ಗಂಡನಿಗೆ 'ರಿ' ಹಚ್ಚದೆ ಅವಳು ಮಾತಾಡಿದ್ದು ಅದೇ ಮೊದಲು. ಮಶಾಕಸಾಬನ ಕೈ ಕೆಳಗಿಳಿಯಿತು. ಅವಳು ಅವನ ಮುಷ್ಟಿಯಿಂದ ಕೊಕ್ಕೆ ಕಿತ್ತುಕೊಂಡಳು. ಒಂದು ಗಳಿಗೆ ಅದನ್ನು ಅವನ ಹೊಟ್ಟೆಗೇ ಇಳಿಸುತ್ತಾಳೆಂದು ಎಲ್ಲರೂ ಎಣಿಸಿದರು. ಅವಳೂ ಎಣಿಸಿದ್ದಳು. ಆಗ ಗಾಲಿಯ ಬುಡದಲ್ಲಿ ಭಾಗಪ್ಪ ನರಳಿದ.

"ಎತ್ತು ಅವನ್ನ," ಅವಳು ಗಂಡನಿಗೆ ಹೇಳಿದಳು. "ಕೊಕ್ಕಿ ಇಲ್ದ ಎತ್ತು."

ಅವನು ಭಾಗಪ್ಪನನ್ನು ಬೆನ್ನ ಮೇಲೆ ಹಾಕಿಕೊಂಡ. ದೊಡ್ಡ ದವಾಖಾನೆಯವರೆಗೆ ಒಂದು ಸಲವೂ ಕೆಳಗಿಳಿಸಲಿಲ್ಲ. ಇಮಾಮಬಿ ಚೀಲದ ಹಸಿರು ತೇಪೆಯ ಮೂಲೆಯನ್ನೇ ಗಾಯಕ್ಕೆ ಒತ್ತಿ ಹಿಡಿದು ಪಕ್ಕದಲ್ಲಿ ಓಡಿದಳು. ಪೊಲೀಸರು ಬಂದಾಗ ಕೊಕ್ಕೆಯನ್ನು ಮೇಜಿನ ಮೇಲೆ ಇಟ್ಟವಳೂ ಅವಳೇ.

"ನನ್ನ ಗಂಡಂದು," ಅಂದಳು. "ಕಳಿಸಿದಾವ ಸಾವಕಾರ."

ಸಾವಕಾರ ತನಗೇನೂ ಗೊತ್ತಿಲ್ಲವೆಂದ, ಅವನ ಮಾತನ್ನು ನಂಬಿದರು. ಅಂಥವರ ಮಾತನ್ನು ಯಾವಾಗಲೂ ನಂಬುತ್ತಾರೆ. ಮಶಾಕಸಾಬನಿಗೆ ಎಂಟು ತಿಂಗಳ ಶಿಕ್ಷೆಯಾಯಿತು. ಇಮಾಮಬಿಗೆ ಪೇಟೆಯ ಅಂಗಳ ಬಂದಾಯಿತು. ಅವಳು ಕಲ್ಲು ಒಡೆಯುವ ಕೂಲಿಗೆ ಹೋದಳು.

ಒಂದು ದಿನ ಸೈಫುದ್ದೀನ ಮಾಸ್ತರರು ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ಇಮಾಮಬಿ, ನಿನ್ನ ಹನ್ನೊಂದು ರೂಪಾಯಿ ತಿರುಗಿ ಕೊಡಾಕ ಬರತೈತಿ. ಒಲಿಗೆ ಆಧಾರ ಆದೀತು. ಸದಸ್ಯತ್ವ ತೆಗೀಲೇನು? ನಿನಗ ಅದರಿಂದ ಏನೂ ದಕ್ಕಲಿಲ್ಲ ನೋಡು."

ಅವಳು ಆ ದಿನ ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಳಗೆ ಹೋಗಿ ಚೀಲ ತಂದಳು. ಸೀಳಿದ್ದನ್ನು ಹೊಲಿದಿದ್ದಳು. ತೇಪೆಯ ಹಸಿರಿನ ಮೇಲೆ ಕಪ್ಪು ಕಲೆ ಹಾಗೇ ಇತ್ತು.

"ತುಂಬಿಸಿ ಕಳಿಸ್ರಿ ಮಾಸ್ತರ. ಮುಂಗಡದ ರೊಕ್ಕ ಕೂಲಿ ಬಂದಂಗ ಒಂದಿಷ್ಟ ಒಂದಿಷ್ಟ ಕೊಡ್ತೇನಿ."

ಮುಂದಿನ ಗಾಡಿಯನ್ನು ಭಾಗಪ್ಪನೇ ಹೊಡೆದುಕೊಂಡು ಬಂದ. ಅವನ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಚೀಲ ಇಳಿಸಲು ಹನಮವ್ವ ಕೈ ಕೊಟ್ಟಳು. ಅವಳ ಮಣಿಕಟ್ಟಿನಲ್ಲಿ ಹಲ್ಲಿನ ಗುರುತಿತ್ತು.

"ನಿನ್ನ ಗಂಡ ಹರದಾ, ನೀ ಎತ್ತಿಸಿದಿ," ಎಂದ ಭಾಗಪ್ಪ. "ಎರಡೂ ನೆನಪೈತಿ ನನಗ."

ಅವಳು ಹೊಲಿಗೆ ಬಿಚ್ಚಿ ಮೊಣಕೈವರೆಗೆ ತೋಳನ್ನು ಜೋಳದೊಳಗೆ ಇಳಿಸಿದಳು. ತಣ್ಣಗಿತ್ತು. ಎಷ್ಟು ತಡಕಿದರೂ ಒಂದು ಹರಳು ಸಿಗಲಿಲ್ಲ.

ಮರುದಿನ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿಕೊಂಡು ಜೈಲಿಗೆ ಹೋದಳು. ಕಾವಲಿನವನು ಮುರಿದು ನೋಡಿ ಒಳಗೆ ಬಿಟ್ಟ. ಮಶಾಕಸಾಬ ಇಳಿದುಹೋಗಿದ್ದ. ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಎಡಗಡೆಯಲ್ಲಿ, ಹೆದರಿ ಹೆದರಿ ಅಗಿದ. ಮತ್ತೊಂದು ತುತ್ತು. ಮೂರನೆಯದಕ್ಕೆ ಕಣ್ಣು ತೆರೆದ.

"ಹರಳ ಇಲ್ಲ," ಎಂದ.

"ಇಲ್ಲ."

ಅವನು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತ. ಇಮಾಮಬಿ ಸಮಾಧಾನ ಮಾಡಲಿಲ್ಲ. ಅವಳ ಬೆನ್ನ ಮೇಲಿನ ಬರೆಗಳ ಗುರುತು ಇನ್ನೂ ಮಾಸಿರಲಿಲ್ಲ, ಸಿಟ್ಟೂ ಮಾಸಿರಲಿಲ್ಲ.

"ನಾಕ ತಿಂಗಳಿಗೊಂದು ಚೀಲ ಬರತೈತಿ," ಎಂದಳು. "ಹೊರಗ ಬಂದಮ್ಯಾಲ ಅದನ್ನ ತರಾಕ ನೀನ ಹೋಗಬೇಕು. ಬೆನ್ನಮ್ಯಾಲ ಹೊತ್ತು ತರಬೇಕು. ಮತ್ತ ನನ್ನ ಮೈಮ್ಯಾಲ ಕೈ ಎತ್ತಿದಿ ಅಂದ್ರ ಆ ಚೀಲದಾಗ ನಿನಗ ಒಂದ ರೊಟ್ಟೀದೂ ಪಾಲಿಲ್ಲ."

ಅವನು ತಲೆಯಾಡಿಸಿದ. ಅವಳು ಖಾಲಿ ಬಟ್ಟೆ ಝಾಡಿಸಿ ಮಡಚಿಕೊಂಡು, ಮಧ್ಯಾಹ್ನದ ಕೂಲಿಗೆ ಹೊತ್ತಾಯಿತೆಂದು ಎದ್ದಳು.