ಅಣ್ಣನ ಪಿಕಪ್ಪು, ನಾನು ಓದಿದ ತೂಕ

ಅಣ್ಣ ಪಿಕಪ್ ಗಾಡಿ ತಂದಾಗ ನಾನು ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಪಹಣಿ, ಔಷಧಿ ಚೀಟಿ, ಏನೇ ಇದ್ದರೂ ನನ್ನಿಂದ ಓದಿಸಲು ಅಣ್ಣ ಎತ್ತಿಟ್ಟುಕೊಂಡು ನಾನು ಊರಿಗೆ ಬರುವ ಭಾನುವಾರಕ್ಕೆ ಕಾಯುತ್ತಿದ್ದ.

ಅವನು ನನ್ನಿವಾಳ ಹಳ್ಳಿಯ ಸುತ್ತಲಿನ ಹೊಲಗಳಿಂದ ಚಳ್ಳಕೆರೆಗೆ ಈರುಳ್ಳಿ ಸಾಗಿಸುತ್ತಿದ್ದ. ಒಂದು ಸಲಕ್ಕೆ ಇಪ್ಪತ್ನಾಲ್ಕು ಚೀಲ, ಅಷ್ಟೇ. ಹಿಂದಿನ ಚಕ್ರದ ಮೇಲಿನ ಸ್ಪ್ರಿಂಗ್ ಪಾಟಾ ಎಷ್ಟು ಬಗ್ಗಿದೆ ಎಂದು ಕುಕ್ಕರಗಾಲಲ್ಲಿ ಕೂತು ನೋಡಿ, ಸಾಕು ಎನ್ನುತ್ತಿದ್ದ.

ಒಂದು ಭಾನುವಾರ ಗಾಡಿಯ ಆರ್‌ಸಿ ಕಾರ್ಡ್ ತಂದು ನನ್ನ ಮುಂದಿಟ್ಟ.

"ಎಷ್ಟು ಹೇರಬೌದು ಅಂತ ಇದ್ರಾಗೆ ಬರ್ದೈತಂತೆ, ನೋಡಮ್ಮ. ಅರ್ಧ ಗಾಡಿ ಖಾಲಿ ಓಡಿಸ್ತಾನೆ ಅಂತ ಎಲ್ರೂ ನಗ್ತಾರೆ."

ನನಗೆ ಬಸ್ಸಿಗೆ ಹೊತ್ತಾಗಿತ್ತು. ತೂಕ ಎಂದಿದ್ದ ಕಡೆ ಮೊದಲು ಕಂಡ ಅಂಕಿ ಓದಿದೆ. "ಎರಡು ಸಾವಿರದ ಒಂಬೈನೂರು ಕೆಜಿ ಅಣ್ಣ. ಐವತ್ತು ಕೆಜಿ ಚೀಲ ಆದ್ರೆ ಐವತ್ತೆಂಟು ಹಿಡೀತಾವೆ."

"ಅಷ್ಟೊಂದಾ?" ಎಂದ. ಆಮೇಲೆ, "ನೀನು ಹೇಳಿದ್ಮ್ಯಾಲೆ ಸರಿನೇ ಇರ್ತೈತೆ ಬಿಡು."

ಅದೇ ವಾರ ಐವತ್ತು ಚೀಲ ಹೇರಿಕೊಂಡು ಹೊರಟ. ಚಳ್ಳಕೆರೆ ಇನ್ನೇನು ಬಂತು ಎನ್ನುವಾಗ ಹಿಂದಿನ ಟೈರು ಸಿಡಿದು ಗಾಡಿ ಮಗುಚಿತು. ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯ ಮೇಲಿನಿಂದ ಕತ್ತರಿಸಿ ತೆಗೆದರು.

ಪೊಲೀಸ್ ಠಾಣೆಯಿಂದ ಗಾಡಿ ಬಿಡಿಸಿಕೊಳ್ಳಲು ಹೋದಾಗ, ಅದನ್ನು ಪರೀಕ್ಷಿಸಿದ ಆರ್‌ಟಿಓ ಅಧಿಕಾರಿಗೆ ನಾನು ಕಾರ್ಡ್ ತೋರಿಸಿ, ಇಷ್ಟು ಹೇರಬಹುದಲ್ಲವೇ ಎಂದೆ.

"ಇದು ಹೇರೋ ತೂಕ ಅಲ್ಲಮ್ಮ. ಗಾಡಿ, ಡ್ರೈವರು, ಸರಕು ಎಲ್ಲ ಸೇರಿ ಇಷ್ಟು ಮೀರಬಾರ್ದು. ಕೆಳಗೈತಲ್ಲ, ಅದು ಬರೇ ಖಾಲಿ ಗಾಡಿ ತೂಕ. ಅದನ್ನ ಕಳೀಬೇಕು."

ಕೆಳಗೆ ಸಾವಿರದ ಆರುನೂರು ಎಂದಿತ್ತು. ಅಲ್ಲೇ ನಿಂತು ಕಳೆದೆ. ಅಣ್ಣನ ತೂಕವನ್ನೂ ಕಳೆದೆ. ಉಳಿದದ್ದು ಇಪ್ಪತ್ನಾಲ್ಕು ಚೀಲ.

ಆಸ್ಪತ್ರೆಗೆ ಹೋಗಿ ಎಲ್ಲವನ್ನೂ ಹೇಳಿದೆ.

"ಅವ್ವಂಗೆ ಹೇಳ್ಬ್ಯಾಡ," ಎಂದ ಅಣ್ಣ. "ನಿನ್ನ ಓದು ಅಂದ್ರೆ ಅವಳಿಗೆ ಪ್ರಾಣ."

ನಾನು ಹೇಳಲಿಲ್ಲ. ಅವ್ವ ಮಾತ್ರ ಬಂದವರಿಗೆಲ್ಲ ಹೇಳಿದಳು: "ಆಸೆಗೆ ಬಿದ್ದು ಕಾಲು ಕಳ್ಕಂಡ ನನ್ಮಗ." ನಾಲ್ಕು ವರ್ಷ ಹೇಳಿದಳು. ಅಣ್ಣ ತಲೆ ತಗ್ಗಿಸಿ ಶೇಂಗಾ ಸುಲಿಯುತ್ತಾ ಕೇಳಿಸಿಕೊಂಡ. ಬಂದವರಿಗೆ ಟೀ ಕೊಡುತ್ತಾ ನಾನೂ ಅಲ್ಲೇ ಇರುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಅವಳ ಕೈ ಹಿಡಿದು ಬಾಯಿಬಿಟ್ಟೆ. "ಅವ್ವಾ, ಅಷ್ಟು ಚೀಲ ಹೇರು ಅಂದೋಳು ನಾನು. ಅಣ್ಣಂದೇನೂ ತಪ್ಪಿಲ್ಲ."

ಅವ್ವ ಗುರುತಿಲ್ಲದವಳನ್ನು ನೋಡುವಂತೆ ನನ್ನ ಮುಖವನ್ನೇ ನೋಡಿದಳು. "ಯಾರ ಮಗಳಮ್ಮ ನೀನು?" ಎಂದಳು.

ಮೂರನೆಯ ದಿನ ಹೋದಳು. ಆಟೋ ಹತ್ತು ಎಂದು ಎಲ್ಲರೂ ಹೇಳಿದರೂ ಕೇಳದೆ, ಅಣ್ಣ ಊರುಗೋಲಿನ ಮೇಲೆ ಅವಳ ಚಟ್ಟದ ಹಿಂದೆ ಮಣ್ಣು ಮಾಡುವ ಹೊಲದವರೆಗೂ ನಡೆದ.